ವೀರಪ್ಪ ಕಾಕಾ ಕಟ್ಟಿಹಾಕಿದ ನಡುಗಡ್ಡೆ

ಹಗ್ಗಕ್ಕೆ ಅಂಗಡಿಯವನು ಹೇಳಿದ್ದು ನಾಲ್ಕೂವರೆ ಸಾವಿರ. ನಾನು ಕೊಟ್ಟದ್ದು ಎರಡು ಸಾವಿರದ ಎಂಟುನೂರು, ಮೇಲೆ ಎರಡು ಕಬ್ಬಿಣದ ಕೊಂಡಿ ಪುಕ್ಕಟೆ. ಪಿಂಪಳಗಾಂವ್ ಬಸವಂತ್‌ನ ಈರುಳ್ಳಿ ಮಾರುಕಟ್ಟೆಯ ಹಿಂದೆ ಲಾರಿಯವರಿಗೆ ತಾಡಪತ್ರಿ, ಹಗ್ಗ ಮಾರುವ ಅಂಗಡಿ ಅದು. ಯಾವ ಗಾಡಿಗೆ ಎಂದು ಅವನು ಕೇಳಿದ. ನಡುಗಡ್ಡೆಗೆ ಎಂದು ನಿಜ ಹೇಳಿದ್ದರೆ ತಲೆಕೆಟ್ಟ ಗಿರಾಕಿ ಸಿಕ್ಕಿದಳೆಂದು ರೇಟು ಏರಿಸಿಬಿಡುತ್ತಿದ್ದ. ಆದ್ದರಿಂದ ಈರುಳ್ಳಿ ಲಾರಿಗೆ ಎಂದೆ. ನನ್ನ ಬೆನ್ನ ಹಿಂದೆ ವೀರಪ್ಪ ಕಾಕಾ ನೆಲ ನೋಡುತ್ತ ನಿಂತಿದ್ದರು. ಚೌಕಾಸಿ ನಡೆಯುವಾಗ ಅವರು ಯಾವಾಗಲೂ ಹಾಗೆಯೇ, ಪಕ್ಕದ ಮನೆಯ ಗಂಡಹೆಂಡಿರ ಜಗಳ ಕಿವಿಗೆ ಬಿದ್ದವರ ಹಾಗೆ.

"ಅಕ್ಕಾರ, ಅವಾ ಕೇಳಿದಷ್ಟು ಕೊಟ್ಟಬಿಡೂನ್ರಿ. ಪಾಪ, ಅವಂಗೂ ಹೊಟ್ಟಿ ಐತಿ" ಎಂದು ಮೆಲ್ಲಗೆ ಹೇಳಿದರು.

"ಹೊಟ್ಟೆ ಇದೆ ಕಾಕಾ, ಗಲ್ಲಾ ಮೇಲೇ ಇಟ್ಕೊಂಡು ಕೂತಿದಾನಲ್ಲ, ಕಾಣ್ತದೆ. ನೀವು ಸುಮ್ನೆ ನಿಲ್ಲಿ ಮಾರಾಯ್ರೇ" ಎಂದೆ.

ಹಗ್ಗ ಒಳ್ಳೆಯದಿತ್ತು. ಹೆಬ್ಬೆರಳಿನ ದಪ್ಪದ ನೈಲಾನು. ಇವತ್ತಿಗೂ ಅದರ ಒಂದು ಎಳೆಯೂ ಬಿಚ್ಚಿಲ್ಲ.

ಕಾಕಾ ಬಾಗಲಕೋಟೆ ಕಡೆಯವರು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತರಾದವರು. ನಾನು ಕುಂದಾಪುರದ ಕಡೆಯವಳು. ಹಳೆಯ ಗ್ರೈಂಡರ್ ಒಂದನ್ನು ಕೊಂಡು ನಾಶಿಕದಲ್ಲಿ ದೋಸೆಹಿಟ್ಟು ರುಬ್ಬಲು ಶುರು ಮಾಡಿದೆ. ಈಗ ನಾಶಿಕದಿಂದ ಪಿಂಪಳಗಾಂವ್‌ವರೆಗಿನ ಎಷ್ಟೋ ಹೋಟೆಲುಗಳಿಗೆ ನನ್ನ ಹಿಟ್ಟೇ ಹೋಗುತ್ತದೆ, ಸಂಭಾಜಿನಗರದ ಚಿಕಲಠಾಣಾದಲ್ಲೂ ಒಂದು ಘಟಕ ಹಾಕಿದ್ದೇನೆ. ಯಾರೂ ಕೈಹಿಡಿದು ಕಲಿಸಲಿಲ್ಲ, ಕೇಳಿದ ಬೆಲೆಯನ್ನು ನಂಬದೆ ಕಲಿತೆ. ಪಿಂಪಳಗಾಂವ್ ಕಡೆಗೆ ಟೆಂಪೋ ಹೋಗುವಾಗ ಕಾಕಾನ ಮನೆಗೂ ಒಂದು ಡಬ್ಬಿ ಹಿಟ್ಟು ಇಳಿಸುತ್ತಿದ್ದೆ. ಗುರುತಾದದ್ದು ಹಾಗೆ.

ಅವರ ಮನೆಯೊಳಗೆ ಕಾಲಿಟ್ಟರೆ ಮೊದಲು ಕಾಣುತ್ತಿದ್ದದ್ದು ಗಂಟುಗಳು. ಗ್ಯಾಸ್ ಸಿಲಿಂಡರನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ಮೊಸರಿನ ಗಡಿಗೆಯ ಮುಚ್ಚಳಕ್ಕೆ ದಾರ, ಕನ್ನಡಕಕ್ಕೆ ದಾರ, ಸ್ಕೂಟರಿಗೆ ಕೊಡೆ ಬಿಗಿಯಲು ಒಂದು ದಾರ. ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನು ಕೂಡ ಒಂದಕ್ಕೊಂದು ಕಟ್ಟಿ ಇಡುತ್ತಿದ್ದರು. ಕಾರ್ಖಾನೆಯಲ್ಲಿ ಅವರ ಕೆಲಸಗಳಲ್ಲಿ ಒಂದು, ಬಯಲಲ್ಲಿ ನಿಲ್ಲಿಸಿದ ವಿಮಾನದ ಗಾಲಿಗೆ ಅಡ್ಡಗಟ್ಟೆ ಕೊಟ್ಟು, ರೆಕ್ಕೆಗಳಿಂದ ನೆಲದ ಕೊಂಡಿಗೆ ಹಗ್ಗ ಬಿಗಿಯುವುದು.

"ಹಾರೂ ವಸ್ತು ನಿಂತಾಗ ಭಾಳ ಹುಷಾರಿರಬೇಕ್ರಿ ಅಕ್ಕಾರ" ಎನ್ನುತ್ತಿದ್ದರು. "ನಿಂತೈತಿ ಅಂತ ನಾವು ತಿಳ್ಕೊಂಡಿರ್ತೀವಿ. ಅದು ತಿಳ್ಕೊಂಡಿರಂಗಿಲ್ಲ."

ನನ್ನ ಹಿಟ್ಟಿನ ಡಬ್ಬಿಗೂ ಅವರು ಒಂದು ಗಂಟು ಹಾಕಿಯೇ ಒಳಗೆ ಒಯ್ಯುತ್ತಿದ್ದರು. ಆದರೆ ಎಂಥ ಗಂಟಾದರೂ ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ಅದು ಅವರ ಹೆಮ್ಮೆ. "ಬಿಚ್ಚಾಕ ಬರಲಾರದ್ದು ಗಂಟ ಅಲ್ರಿ, ಅದು ಸಿಟ್ಟು."

ಮನೆ ಕಟ್ಟಿಸಿಕೊಂಡದ್ದು ದ್ರಾಕ್ಷಿ ತೋಟಗಳ ನಡುವಿನ ಒಂದು ಕೆರೆಯ ಮೂಡಣ ದಂಡೆಯಲ್ಲಿ. ಆ ಕೆರೆಯಲ್ಲಿ ಒಂದು ತೇಲುವ ನಡುಗಡ್ಡೆ ಇತ್ತು. ಅಂತರಗಂಗೆಯ ಗಿಡ, ಜೊಂಡು, ಕೊಳೆತ ಬೇರು ಎಲ್ಲ ವರ್ಷಗಟ್ಟಲೆ ಹೆಣೆದುಕೊಂಡು ನೆನೆದ ಹಾಸಿಗೆಯಂತಾಗಿ, ಅದರ ಮೇಲೆ ಧೂಳು ಕೂತು ಮಣ್ಣಾಗಿ, ಮಣ್ಣಿನಲ್ಲಿ ಎದೆಯೆತ್ತರದ ಹುಲ್ಲು ಬೆಳೆದಿತ್ತು. ನನ್ನ ಟೆಂಪೋದಂಥ ನಾಲ್ಕು ಟೆಂಪೋ ನಿಲ್ಲಿಸಬಹುದಾದಷ್ಟು ಅಗಲ. ತಳಕ್ಕೆ ಅಂಟಿರಲಿಲ್ಲ, ಗಾಳಿ ದೂಡಿದತ್ತ ಹೋಗುತ್ತಿತ್ತು. ಒಮ್ಮೆ ಕಾಕಾ ಕೈಹಿಡಿದು ನನ್ನನ್ನು ಅದರ ಮೇಲೆ ಹತ್ತಿಸಿದರು. ನಾನು ಈ ತುದಿಯಲ್ಲಿ ಹೆಜ್ಜೆ ಇಟ್ಟರೆ ಆ ತುದಿಯ ಹುಲ್ಲು ತಲೆಯಾಡಿಸಿತು. ನಡುವೆ ಒಂದೇ ಒಂದು ಬೇಶರಮ್ ಗಿಡ. ಎಲ್ಲಿ ಬಿಸಾಡಿದರೂ ನಾಚಿಕೆಯಿಲ್ಲದೆ ಬದುಕುವ ಗಿಡವೆಂದು ಅದಕ್ಕೆ ಆ ಹೆಸರು. ತುದಿಯಲ್ಲಿ ತಿಳಿ ಗುಲಾಬಿ ಹೂವಿನ ಗೊಂಚಲು ಹೊತ್ತುಕೊಂಡು ಆಳೆತ್ತರ ನಿಂತಿತ್ತು.

ಊರಿನವರು ಆ ನಡುಗಡ್ಡೆಯನ್ನು ಕರೆಯುತ್ತಿದ್ದದ್ದು 'ಪಾಹುಣಾ' ಎಂದು, ಮರಾಠಿಯಲ್ಲಿ ನೆಂಟ. ಮಳೆಗಾಲದ ಪಡುವಣ ಗಾಳಿಗೆ ಈ ದಂಡೆಗೆ ಬರುತ್ತಿತ್ತು, ಚಳಿಗಾಲದಲ್ಲಿ ಗಾಳಿ ತಿರುಗಿದಾಗ ಆಚೆ ದಂಡೆಗೆ ಹೋಗುತ್ತಿತ್ತು. ನೆಂಟ ಯಾವ ದಂಡೆಯಲ್ಲಿದ್ದಾನೋ ಆ ದಂಡೆಯವರು ಹುಲ್ಲು ಕೊಯ್ಯಬೇಕು, ಇನ್ನೊಂದು ದಂಡೆಯವರು ಕೇಳಬಾರದು. ಇದು ಅವರೊಳಗಿನ ಕಟ್ಟಳೆ. ಕಾಕಾ ಬೆಳಿಗ್ಗೆ ಎದ್ದು ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದು, "ಇವತ್ತ ಸಂಜಿಕ ಬರ್ತೈತಿ" ಎಂದರೆ ಸಂಜೆಗೆ ಅದು ಬಂದಿರುತ್ತಿತ್ತು.

ಅವರು ಹಾಗೆ ಬೆರಳು ಹಿಡಿಯುತ್ತಿದ್ದದ್ದು ಹೆಂಡತಿ ನೀಲವ್ವನಿಗಾಗಿ. ನೀಲವ್ವನಿಗೆ ಮರೆವಿನ ರೋಗ. ಮೊದಲು ಉಪ್ಪು ಹಾಕಿದ್ದು ಮರೆತಳು, ಆಮೇಲೆ ಮಗಳ ಹೆಸರು. ಹಗಲೆಲ್ಲ ಕೆರೆಯ ಕಡೆಯ ಕಿಟಕಿಗೆ ಕೂತಿರುತ್ತಿದ್ದಳು. ಒಂದು ಶ್ರಾವಣದಲ್ಲಿ, ನಾಗರಪಂಚಮಿಯ ಮುಂಚೆ, ನಡುಗಡ್ಡೆ ಈ ದಂಡೆಗೆ ಬಂದಾಗ ತಟ್ಟನೆ ಎದ್ದು ನಿಂತಳಂತೆ. "ನೋಡ್ರಿ, ಅಣ್ಣ ಬಂದ! ಅಕಾ, ಗುಲಾಬಿ ಪಟಕಾ!" ಎಂದಳಂತೆ.

ಅವರ ಸೀಮೆಯಲ್ಲಿ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ನೀಲವ್ವನ ಅಣ್ಣ ಗುಲಾಬಿ ರುಮಾಲು ಸುತ್ತಿ ಗಾಡಿ ಕಟ್ಟಿಕೊಂಡು ಬರುತ್ತಿದ್ದವನು, ಸತ್ತು ಎಷ್ಟೋ ವರ್ಷಗಳಾಗಿವೆ. ಈಗ ಬೇಶರಮ್ ಗಿಡವೇ ಅಣ್ಣ, ನಡುಗಡ್ಡೆಯೇ ಗಾಡಿ. ಅದು ದಂಡೆಯಲ್ಲಿದ್ದ ದಿನಗಳಲ್ಲಿ ಅವಳು ಊಟ ಮಾಡುತ್ತಿದ್ದಳು, ತಲೆ ಬಾಚಿಸಿಕೊಳ್ಳುತ್ತಿದ್ದಳು. ನನ್ನನ್ನು ನೋಡಿ, "ಏನವಾ, ಹಿಟ್ಟಿನ ಶೆಡ್ತಿ, ಶೇಂಗಾ ಉಂಡಿ ಕಟ್ಟಾಕ ಬಾ, ಅಣ್ಣಗ ಬುತ್ತಿ ಬೇಕು" ಎಂದು ನಗುತ್ತಿದ್ದಳು. ಎಲ್ಲಕ್ಕಿಂತ ಮುಖ್ಯವಾಗಿ, ಕಾಕಾನ ಗುರುತು ಹಿಡಿಯುತ್ತಿದ್ದಳು. "ನೀವೂ ಬರ್ರೆಲಾ. ನೀವಿಲ್ಲಂದ್ರ ತವರಾಗ ನನಗ ನಿದ್ದಿ ಹತ್ತಂಗಿಲ್ಲ" ಎನ್ನುತ್ತಿದ್ದಳು. ಆ ಮಾತು ಕೇಳಿದ ದಿನ ಕಾಕಾ ನನಗೆ ಒತ್ತಾಯ ಮಾಡಿ ಎರಡನೆಯ ಸಲ ಚಹಾ ಕುಡಿಸುತ್ತಿದ್ದರು.

ಗಾಳಿ ಬದಲಾಗಿ ನಡುಗಡ್ಡೆ ಹೋದರೆ ಕಾಕಾ, "ಅಣ್ಣ ಹೋದ, ಮತ್ತ ಬರ್ತಾನ" ಎಂದು ಹೇಳುತ್ತಿದ್ದರು. ಒಂದೆರಡು ದಿನದ ಮಟ್ಟಿಗೆ ಅವಳು ಒಪ್ಪುತ್ತಿದ್ದಳು. ಆದರೆ ಚಳಿಗಾಲ ಬಂದರೆ ಅದು ತಿಂಗಳುಗಟ್ಟಲೆ ಆಚೆ ದಂಡೆಯಲ್ಲೇ ಇರುತ್ತದೆ. ಹಿಂದಿನ ಚಳಿಗಾಲ ನೀಲವ್ವ ಮಾತು ಬಿಟ್ಟಿದ್ದಳು, ಕಾಕಾನನ್ನು ಯಾರೋ ಅಪರಿಚಿತನೆಂದು ತಿಳಿದು ಸೆರಗು ಎಳೆದುಕೊಳ್ಳುತ್ತಿದ್ದಳು.

"ಈ ಸಲ ಹ್ವಾದ್ರ ಅಕಿ ತಿರುಗಿ ಬರಂಗಿಲ್ರಿ" ಎಂದರು ಕಾಕಾ, ದಸರಾ ಮುಗಿದ ಮೇಲೆ. "ಅದಕ್ಕ ಕಟ್ಟತೀನಿ."

"ಎಂತ ಕಟ್ಟೋದು?"

"ಪಾಹುಣ್ಯಾನ್ನ."

ನಾನು ನಗಲಿಲ್ಲ. ಅವರೇನೂ ನಗುವ ಮುಖ ಮಾಡಿರಲಿಲ್ಲ. ಅಂಗಡಿಗೆ ಒಬ್ಬರೇ ಹೋದರೆ ಕೇಳಿದ ಬೆಲೆ ಕೊಟ್ಟು ಬರುತ್ತಾರೆಂದು ಜೊತೆಗೆ ಹೋದೆ. ಅಷ್ಟೇ.

ಕಟ್ಟಿದ ರೀತಿ ಮಾತ್ರ ನೋಡುವ ಹಾಗಿತ್ತು. ಬೇರಿನ ಹಾಸಿಗೆಯೊಳಗೆ ಬಿದಿರ ಗೂಟಗಳನ್ನು ಹರಡಿ ಇಳಿಸಿ, ಯಾವ ಒಂದು ಜಾಗವೂ ಹರಿಯದಂತೆ ಭಾರ ಹಂಚಿ, ಹಗ್ಗವನ್ನು ದಂಡೆಯ ಬೇವಿನ ಮರಕ್ಕೆ ತಂದರು. ಮಳೆಗೆ ನೀರು ಏರಿದರೆ ನಡುಗಡ್ಡೆ ಏರಬೇಕು, ಅದಕ್ಕೆ ಸಡಿಲು ಬಿಟ್ಟರು. "ಏರಲಿ, ಇಳೀಲಿ, ಹೋಗಬಾರದ ಅಷ್ಟ." ವಿಮಾನಕ್ಕೆ ಹಾಕುವ ಗಂಟನ್ನೇ ಹಾಕಿದರು.

ಗಾಳಿ ತಿರುಗಿತು. ನೀರಿನ ಕೆಳಗೆ ಹಗ್ಗ ಬಿಗಿಯಾಯಿತು. ನೆಂಟ ಹೋಗಲಿಲ್ಲ.

ನಾಲ್ಕೇ ದಿನಕ್ಕೆ ಆಚೆ ದಂಡೆಯ ಭಾವುಸಾಹೇಬ ಬಂದ. ಎಮ್ಮೆ ಸಾಕಿದವನು, ಮೀಸೆಗಿಂತ ದನಿ ದಪ್ಪ. "ಕಾಯ್ ಹೋ ಕಾಕಾ, ನೆಂಟನನ್ನ ಅರೆಸ್ಟ್ ಮಾಡಿದಿರಾ? ನಮ್ಮ ಎಮ್ಮೆ ಏನು ವಕೀಲರನ್ನ ಹಿಡೀಬೇಕಾ?" ಎಂದು ಮರಾಠಿಯಲ್ಲಿ ಗದರಿದ. ಕಾಕಾ ನೆಲ ನೋಡಿದರು. ನಾನು ಮುಂದೆ ಬಂದೆ. ಹುಲ್ಲು ಪೂರ್ತಿ ನಿಮ್ಮದೇ, ಬಂದು ಕೊಯ್ದುಕೊಂಡು ಹೋಗಿ, ಹೊರುವುದಕ್ಕೆ ನನ್ನ ಖಾಲಿ ಟೆಂಪೋ ಕೊಡುತ್ತೇನೆ ಎಂದೆ. ಅವನು ಮಳೆಗಾಲದ ಹುಲ್ಲಿನಲ್ಲೂ ಪಾಲು ಕೇಳಿದ. ನಾನು ಟೆಂಪೋ ವಾಪಸ್ ತೆಗೆದುಕೊಂಡೆ. ಅವನು ಪಾಲಿನ ಮಾತು ವಾಪಸ್ ತೆಗೆದುಕೊಂಡ. ನಂತರ ಕಿಟಕಿಯಲ್ಲಿ ಕೂತ ನೀಲವ್ವನನ್ನು ನೋಡಿ, ದನಿ ಇಳಿಸಿ, ಬೇಶರಮ್ ಗಿಡವನ್ನು ಮುಟ್ಟುವುದಿಲ್ಲ ಎಂದು ತಾನೇ ಹೇಳಿದ. ಅಷ್ಟಕ್ಕೆ ಅದು ಮುಗಿಯಿತು. ಎದುರಿಗೆ ಮನುಷ್ಯ ಇದ್ದರೆ ಯಾವುದನ್ನಾದರೂ ಮುಗಿಸಬಹುದು.

ದೀಪಾವಳಿಯವರೆಗೆ ಮನೆ ಬೆಳಗಿತು. ಆಮೇಲೆ ನೀಲವ್ವ ಕೇಳತೊಡಗಿದಳು: "ಅಣ್ಣ ಯಾಕ ಒಳಗ ಬರವಲ್ಲ?"

ಮೊದಲು ನಡುಗಡ್ಡೆ ಬಂದು ಹೋಗುತ್ತಿತ್ತು. ಬಂದಾಗ ಬಂದ, ಹೋದಾಗ ಹೋದ. ಈಗ ಅಣ್ಣ ಬಂದವನು ಬಾಗಿಲಿಗೂ ಬರದೆ, ಹೋಗದೆ, ಹಗಲೆಲ್ಲ ಬಿಸಿಲಲ್ಲಿ ನಿಂತಿದ್ದಾನೆ. "ಏನ ಸಿಟ್ಟ ಅವಗ? ನೀವೇನರ ಅಂದಿರೇನು?" ಎಂದು ಗಂಡನನ್ನು ಕೇಳುತ್ತಿದ್ದಳು. ತಟ್ಟೆಯಲ್ಲಿ ರೊಟ್ಟಿ, ಎಣಗಾಯಿ ಹಾಕಿಸಿ, "ಕೊಟ್ಟು ಬರ್ರಿ" ಎಂದು ಕಳಿಸುತ್ತಿದ್ದಳು. ನಾನು ಕಣ್ಣಾರೆ ಕಂಡೆ: ಬಿಳಿ ಅಂಗಿಯ ಆ ಮುದುಕ ತಟ್ಟೆ ಹಿಡಿದು ದಂಡೆಗೆ ಹೋಗಿ, ಹೆಂಡತಿಗೆ ಕೇಳಲಿ ಎಂದು ಗಿಡಕ್ಕೆ ಕೂಗಿ ಹೇಳುತ್ತಿದ್ದರು, "ಬಾರಪಾ, ತಂಗಿ ಕರದಾಳ, ಒಂದ ತುತ್ತರ ಉಂಡು ಹೋಗು!" ದ್ರಾಕ್ಷಿ ತೋಟದ ಆಳುಗಳು ನೋಡುತ್ತಿದ್ದರು. ನೋಡಲಿ ಎಂದು ಬಿಟ್ಟಿದ್ದರು ಕಾಕಾ. ತಿರುಗಿ ಬಂದು, "ಉಪವಾಸ ಅಂತ" ಎನ್ನುವರು. ನಾಳೆ ಮತ್ತೊಂದು ನೆಪ.

"ಬಿಚ್ಚಿಬಿಡಿ ಕಾಕಾ" ಎಂದೆ.

"ಬಿಚ್ಚಿದ್ರ ಹೋಗ್ತೈತ್ರಿ. ಅದು ಹ್ವಾದ್ರ ಅಕಿ ಹ್ವಾದ್ಲು."

"ಕಟ್ಟಿದ್ರೂ ಹೋಗ್ತಾ ಇದ್ದಾರಲ್ಲ?"

ಅವರು ಬೇವಿನ ಮರದ ಹತ್ತಿರ ಹೋಗಿ ಗಂಟನ್ನು ಮುಟ್ಟಿ ನೋಡಿದರು.

ಶಿವರಾತ್ರಿಯ ಹೊತ್ತಿಗೆ ತೋಟಗಳಿಗೆ ನೀರು ಎತ್ತಿ ಎತ್ತಿ ಕೆರೆ ಇಳಿಯಿತು. ಅಷ್ಟು ದಿನ ನೀರಲ್ಲಿ ಮುಳುಗಿದ್ದ ಹಗ್ಗ ಮೇಲೆ ಕಂಡಿತು, ಬೇವಿನ ಮರದಿಂದ ನೇರವಾಗಿ ಗಿಡದ ಬುಡದವರೆಗೆ. ನೀಲವ್ವ ಅದನ್ನು ನೋಡಿದಳು. ನಾನು ಆಗ ಅಡುಗೆಮನೆಯಲ್ಲಿ ಡಬ್ಬಿ ಬದಲಿಸುತ್ತಿದ್ದೆ. ಆ ಕೂಗು ಈಗಲೂ ಕಿವಿಯಲ್ಲಿದೆ.

"ಅಯ್ಯ ನಮ್ಮವ್ವ! ಅಣ್ಣನ್ನ ಕಟ್ಟಿ ಹಾಕ್ಯಾರ! ಯಾರ ಕಟ್ಟಿದ್ದು? ಯಾವಾ ಕಟ್ಟಿದಾವಾ?"

ಕಾಕಾ ಕಿಟಕಿಯ ಹತ್ತಿರ ಓಡಿದರು. ಸುಳ್ಳು ಹೇಳಲು ಅವರಿಗೆ ಎಲ್ಲಿ ಬರುತ್ತದೆ, ಹಗ್ಗದಂಗಡಿಯಲ್ಲೇ ಬರಲಿಲ್ಲ. "ನಾನ ಕಟ್ಟೇನಿ ನೀಲಾ. ನಿನಗಂತ ಕಟ್ಟೇನಿ" ಎಂದರು. ಅವಳು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನಂತರ ನನ್ನ ಕಡೆ ತಿರುಗಿ, "ಶೆಡ್ತಿ, ಇವನ್ನ ಹೊರಗ ಹಾಕವಾ. ನಮ್ಮ ಮನಿಯವರು ಬರೂತನಕ ನೀ ಇಲ್ಲೇ ಇರು" ಎಂದಳು.

ಅವತ್ತಿನಿಂದ ಅವರ ಕೈಯಿಂದ ಒಂದು ತುತ್ತನ್ನೂ ತಿನ್ನಲಿಲ್ಲ. ಅನ್ನ ಕಲಸಿ ಕೊಡಲು ಪಕ್ಕದ ತೋಟದ ಹೆಂಗಸನ್ನು ಗೊತ್ತು ಮಾಡಿದೆವು.

ಕಾಕಾ ಮಾರನೆಯ ದಿನವೇ ಬೇವಿನ ಮರದ ಹತ್ತಿರ ಹೋಗಿ ತುದಿ ಎಳೆದರು. ಒಂದೇ ಎಳೆತಕ್ಕೆ ಗಂಟು ಬಿಚ್ಚಿತು. ನಡುಗಡ್ಡೆ ಅಲುಗಲಿಲ್ಲ. ಆಚೆ ದಂಡೆಗೆ ಗಾಳಿ ಚೆನ್ನಾಗಿಯೇ ಬೀಸುತ್ತಿತ್ತು, ಹುಲ್ಲು ಬಾಗುತ್ತಿತ್ತು, ಅಷ್ಟೇ. ಗಳ ಚುಚ್ಚಿ ನೋಡಿದಾಗ ಗೊತ್ತಾಯಿತು. ನೀರು ಇಳಿದಂತೆ ನಡುಗಡ್ಡೆ ಕೆಸರಿನ ಮೇಲೆ ಕೂತುಬಿಟ್ಟಿದೆ, ಕೂತಲ್ಲಿ ಬೇರುಗಳು ಕೆಸರಿಗೆ ಇಳಿದಿವೆ. ಪ್ರತಿ ವರ್ಷ ನೀರು ಇಳಿಯುವ ಹೊತ್ತಿಗೆ ಅದು ಆಚೆ ದಂಡೆಯ ಆಳದಲ್ಲಿ ತೇಲುತ್ತಿರುತ್ತಿತ್ತು. ಈ ಕಡೆಯ ದಂಡೆಯಲ್ಲಿ ನೀರು ಆಳವಿಲ್ಲ. ನೀರು ಏರುವುದಕ್ಕೆ ಕಾಕಾ ಲೆಕ್ಕ ಹಾಕಿದ್ದರು, ಕೂರುವುದಕ್ಕೆ ಹಾಕಿರಲಿಲ್ಲ. ವಿಮಾನ ಎಷ್ಟು ದಿನ ನಿಂತರೂ ಬೇರು ಬಿಡುವುದಿಲ್ಲವಲ್ಲ. ಆ ಊರಿನಲ್ಲೂ ಯಾರಿಗೂ ಇದು ಗೊತ್ತಿರಲಿಲ್ಲ, ಅದನ್ನು ಯಾರೂ ಕಟ್ಟಿ ನೋಡಿರಲಿಲ್ಲ.

ಭಾವುಸಾಹೇಬ ಟ್ರ್ಯಾಕ್ಟರ್ ತಂದ. ಬಾಡಿಗೆ ಮಾತಾಡಲು ಹೋದರೆ ನನಗೇ ಬೈದ. ಎಳೆದರೆ ಹುಲ್ಲಿನ ಹಾಸು ಬಟ್ಟೆಯಂತೆ ಹರಿಯಿತು, ಬುಡ ಬರಲಿಲ್ಲ. "ನಿಲ್ಸ್ರಿ, ನಿಲ್ಸ್ರಿ" ಎಂದು ಕಾಕಾ ಎರಡೂ ಕೈ ಎತ್ತಿದರು. ಎಲ್ಲರೂ ನನ್ನ ಮುಖ ನೋಡಿದರು, ಏನಾದರೂ ದಾರಿ ಹೇಳುತ್ತಾಳೆ ಎಂದು. ನಾನು ಮಾರುಕಟ್ಟೆಯ ದಲಾಲರನ್ನು ಬಗ್ಗಿಸಿದವಳು, ಬ್ಯಾಂಕಿನವರನ್ನು ಬಡ್ಡಿ ಇಳಿಸುವಂತೆ ಮಾಡಿದವಳು. ಚೌಕಾಸಿಗೆ ಎದುರಿಗೆ ಒಬ್ಬ ಬೇಕು. ಎದುರಿಗೆ ಕೆಸರಿತ್ತು, ಕಿಟಕಿಯಲ್ಲಿ ನೀಲವ್ವ ಇದ್ದಳು. ಯಾರ ಹತ್ತಿರ ಏನು ಕೇಳಲಿ?

ಮಳೆ ಬಂತು. ಆ ವರ್ಷ ಒಳ್ಳೆಯ ಮಳೆ, ಊರೆಲ್ಲ ಖುಷಿ. ಕೆರೆ ಏರಿತು, ನಡುಗಡ್ಡೆ ಏರಲಿಲ್ಲ. ಮೊದಲು ಹುಲ್ಲಿನ ಬುಡ ಮುಳುಗಿತು, ಆಮೇಲೆ ಹುಲ್ಲು. ಬೇಶರಮ್ ಗಿಡ ಕತ್ತಿನವರೆಗೆ ನೀರಲ್ಲಿ ನಿಂತು ಕೆಲವು ದಿನ ಹೂ ಬಿಟ್ಟಿತು. ಕಾಕಾ ಕಿಟಕಿಗೆ ಪರದೆ ಹಾಕಿಸಿದರು. ಪಂಚಮಿಯ ಹೊತ್ತಿಗೆ ಅಲ್ಲಿ ಬರೀ ನೀರು.

ಕಾಕಾನ ಮಗಳು ಚಿಕಲಠಾಣಾದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಬಂದು ಇಬ್ಬರನ್ನೂ ಕರೆದುಕೊಂಡು ಹೋದಳು. ನನ್ನ ಘಟಕ ಅಲ್ಲೇ ಇರುವುದರಿಂದ ಸಂಭಾಜಿನಗರಕ್ಕೆ ಹೋದಾಗಲೆಲ್ಲ ಅವರನ್ನು ನೋಡಿ ಬರುತ್ತಿದ್ದೆ. ಮೂರನೆಯ ಮಹಡಿಯ ಮನೆ. ಕಿಟಕಿಯಿಂದ ವಿಮಾನಗಳು ಇಳಿಯುವುದು ಕಾಣುತ್ತಿತ್ತು. ಒಳಗೆ ಹೋದವಳೇ ನಾನು ಗಮನಿಸಿದ್ದು, ಎಲ್ಲೂ ಒಂದು ಗಂಟೂ ಇರಲಿಲ್ಲ. ಸಿಲಿಂಡರ್ ತನ್ನ ಪಾಡಿಗೆ ನಿಂತಿತ್ತು. ಚಪ್ಪಲಿಗಳು ಒಂದು ಅಲ್ಲಿ, ಒಂದು ಇಲ್ಲಿ.

ಕೊನೆಯ ಸಲ ಹೋದಾಗ ಕಾಕಾ ನೀಲವ್ವನಿಗೆ ಇಡ್ಲಿ ತಿನ್ನಿಸುತ್ತಿದ್ದರು. ಅವಳು ಬಾಯಿ ತೆರೆದು ತಿನ್ನುತ್ತಿದ್ದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, "ಗುರುತು ಹತ್ತಿತಾ ಕಾಕಾ?" ಎಂದು ಜೋರಾಗಿಯೇ ಕೇಳಿಬಿಟ್ಟೆ.

"ಹತ್ತೇತ್ರಿ" ಎಂದರು. "ಈಗ ನಾನ ಅಣ್ಣ."

ನೀಲವ್ವ ಅವರ ತೋಳು ಹಿಡಿದು, "ಅಣ್ಣಾ, ಯಾವಾಗ ಹೊಂಡೂದು? ನಮ್ಮ ಮನಿಯವರು ಕೆರಿ ದಂಡ್ಯಾಗ ನಿಂತಾರ. ಅವರನ್ನೂ ಕರಕೊಂಡು ಹೋಗೂನು" ಎಂದಳು.

"ನಾಳಿ ಹೊಂಡೂನವಾ. ಬರ್ತಾರ ಅವರೂ" ಎಂದು ಕಾಕಾ ಅವಳ ಬಾಯಿ ಒರೆಸಿದರು.

ನನಗೆ ಕೂರಲಾಗಲಿಲ್ಲ. ಹೊರಡುವಾಗ ಅವರು ಮಂಚದ ಕೆಳಗಿನಿಂದ ಹಗ್ಗ ತೆಗೆದರು. ತೊಳೆದು, ಒಣಗಿಸಿ, ಸಿಂಬಿಯಂತೆ ಸುತ್ತಿ ಇಟ್ಟಿದ್ದರು. "ಚೌಕಾಸಿ ಮಾಡಿ ತಂದಿದ್ರಿ. ಕೆಡಬಾರದು, ಗಾಡಿಗಿ ಹಾಕ್ಕೋರಿ" ಎಂದರು. ನಾನು ತೆಗೆದುಕೊಂಡೆ. ಮೆಟ್ಟಿಲು ಇಳಿಯುವಾಗ ಮೇಲಿನಿಂದ, "ಅಕ್ಕಾರ, ಸಾವಕಾಶ" ಎಂದರು. ಅದು ಅವರು ನನಗೆ ಆಡಿದ ಕೊನೆಯ ಮಾತು. ಆ ಚಳಿಗಾಲ ಒಂದು ಬೆಳಿಗ್ಗೆ ಕಾಕಾ ಏಳಲಿಲ್ಲವೆಂದು ಮಗಳು ಫೋನ್ ಮಾಡಿದಳು.

ಈಗಲೂ ಹೋಗುತ್ತೇನೆ. ನೀಲವ್ವ ಕಿಟಕಿಯಲ್ಲಿ ಕೂತಿರುತ್ತಾಳೆ. "ನಮ್ಮ ಮನಿಯವರು ಬಂದ್ರೇನವಾ?" ಎಂದು ಕೇಳುತ್ತಾಳೆ. "ಬಂದಿದ್ರು ನೀಲವ್ವ. ನೀವು ಮಲಗಿದ್ರಿ. ಮತ್ತೆ ಬರ್ತಾರೆ" ಎನ್ನುತ್ತೇನೆ. ಒಪ್ಪುತ್ತಾಳೆ. ಇಡ್ಲಿ ತಿನ್ನುತ್ತಾಳೆ.

ನೀವು ಹಗ್ಗ ಕೊಳ್ಳುವುದಿದ್ದರೆ ತುದಿಗೆ ಕಡ್ಡಿ ಗೀರಿ ನೋಡಿ. ಕರಗಿ ಮಣಿಯಂತಾದರೆ ಒಳ್ಳೆಯ ನೈಲಾನು. ಹೇಳಿದ ಬೆಲೆಯ ಅರ್ಧದಿಂದ ಶುರು ಮಾಡಿ, ಕೊಂಡಿಯನ್ನು ಪುಕ್ಕಟೆ ಕೇಳಿ, ಯಾತಕ್ಕೆಂದು ಹೇಳಬೇಡಿ. ಬಂದು ಹೋಗುವ ವಸ್ತುವನ್ನು ಕಟ್ಟುವುದಾದರೆ ಕಟ್ಟುವ ಮುಂಚೆ ಒಂದು ವರ್ಷ ಪೂರ್ತಿ ಅದು ಎಲ್ಲಿ ಹೋಗುತ್ತದೆ, ಯಾಕೆ ಹೋಗುತ್ತದೆ ನೋಡಿ. ನಿಮ್ಮ ಮನೆಯಲ್ಲಿ ಯಾರಾದರೂ ಕಿಟಕಿಗೆ ಕೂತು, ಬರಲಾರದವರನ್ನು ಕಾಯುತ್ತಿದ್ದರೆ, ಸತ್ತಿದ್ದಾರೆ ಎನ್ನಬೇಡಿ, ಇಲ್ಲೇ ಇದ್ದಾರೆ ಎಂದೂ ಹೇಳಬೇಡಿ. ಬಂದಿದ್ದರು, ಹೋದರು, ಮತ್ತೆ ಬರುತ್ತಾರೆ ಎನ್ನಿ. ಮತ್ತೆ ಆ ಮಾತು ಹೇಳುವಾಗ ಕೈಯಲ್ಲಿ ತಟ್ಟೆ ಇರಲಿ, ತಟ್ಟೆಯಲ್ಲಿದ್ದದ್ದು ಬಿಸಿಯಾಗಿರಲಿ. ಅವರು ನಂಬಿದ ಆ ಕ್ಷಣದಲ್ಲೇ ತಿನ್ನಿಸಿಬಿಡಬೇಕು.